ಬೀಗರ ಹೊಳೆ

ವೆಸ್ಟ್ ವಿಂಡ್ಸರ್
ಮಾರ್ಚ್ 17, 2025

ಶ್ರೀ ಚೆಲುವರಾಜು ಅವರಿಗೆ,

ನಿನ್ನೆ ನಾನು ಮಾತಾಡುತ್ತಿದ್ದ ಹಾಗೇ ನೀವು ಫೋನ್ ಇಟ್ಟುಬಿಟ್ಟಿರಿ. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವವರೂ ಮೊದಲು ಓದಿಯೇ ಹರಿಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊಮ್ಮಗಳು ಸಾನ್ವಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಶ್ವಾಸಕೋಶಕ್ಕೆ ನೀರು ಹೋಗಿಲ್ಲವಂತೆ. ಇಷ್ಟನ್ನು ನಿಮ್ಮ ಮಗ ಮಂಜೇಶ ಹೇಳಿರುತ್ತಾನೆ. ಅವನು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಶನಿವಾರ ಸಂಜೆ ನಾವು ಎಮರ್ಜೆನ್ಸಿಗೆ ಓಡಿಹೋದಾಗ ಆ ಮಗುವಿನ ಹಲ್ಲು ಕಟಕಟಿಸುವ ಸದ್ದು ಪರದೆಯ ಆಚೆಗೂ ಕೇಳುತ್ತಿತ್ತು. ನನ್ನ ಹೆಂಡತಿ ಅಲಮೇಲು ಅವಳ ಪಾದ ಮುಟ್ಟಿದವಳೇ ಕೈ ಹಿಂದಕ್ಕೆ ಎಳೆದುಕೊಂಡಳು. ಅಷ್ಟು ತಣ್ಣಗಿತ್ತು.

ಮಾರ್ಚ್ ತಿಂಗಳ ಡೆಲವೇರ್ ಹೊಳೆ ಎಂದರೆ ಏನೆಂದು ನಿಮಗೆ ನಾನು ಹೇಳಿಕೊಡಬೇಕೆ? ಉತ್ತರದ ಬೆಟ್ಟಗಳಲ್ಲಿ ಕರಗಿದ ಹಿಮವೆಲ್ಲ ಅದರಲ್ಲೇ ಇಳಿದು ಬರುತ್ತದೆ. ನೀವು ಓದಿದವರು, ಇಲ್ಲಿ ಅಮೆರಿಕದ ಟೆಲಿಕಾಂ ಕಂಪನಿಯಲ್ಲಿ ದೊಡ್ಡ ಎಂಜಿನಿಯರ್ ಆಗಿ ರಿಟೈರ್ ಆದವರು. ಹದಿನೈದು ವರ್ಷದ ಹುಡುಗಿಯನ್ನು, ಮೈಮೇಲೆ ಲೈಫ್ ಜಾಕೆಟ್ ಕೂಡ ಇಲ್ಲದೆ, ಪಾಚಿಗಟ್ಟಿದ ಬಂಡೆಯ ಮೇಲೆ ನಿಲ್ಲಿಸಿದಿರಿ. ಏತಕ್ಕೆ? ಒಂದು ಮೀನಿಗೆ!

ಗ್ಯಾರೇಜಿನ ಮೂಲೆಯಲ್ಲಿ ಆ ಗಾಳದ ಕೋಲು ಇರುವುದನ್ನು ನಾನು ಕಂಡಿರಲಿಲ್ಲವೆಂದಲ್ಲ. ಕಂಡೂ ಕಾಣದ ಹಾಗೆ ಇದ್ದೆ, ಮಗಳು ಶರ್ವಾಣಿಯ ಸಂಸಾರದಲ್ಲಿ ಮೂಗು ತೂರಿಸಬಾರದೆಂದು. ಇನ್ನು ಹಾಗಿರುವುದಿಲ್ಲ. ಸಾನ್ವಿ ನಮ್ಮ ಮನೆಯ ಮಗು. ಒಂದು ಜೀವವನ್ನು ಎಳೆದಾಡುವುದು ಆಟ ಎಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕಲಿಸಿದ್ದಿಲ್ಲ.

ಅವಳನ್ನು ಇನ್ನು ಹೊಳೆಗೆ ಕರೆದುಕೊಂಡು ಹೋಗಕೂಡದು. ಇದು ಕೋರಿಕೆಯಲ್ಲ.

ಪ್ರಭಾಕರ


ಎಡಿಸನ್
ಮಾರ್ಚ್ 21, 2025

ಬೀಗರೇ,

ಹರಿದು ಹಾಕಿಲ್ಲ. ಓದಿದೆ, ಎದ್ದುಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಓದಿದೆ.

ನಮ್ಮ ಮನೆಯ ಮಗು ಅಂತ ಬರೆದಿದ್ದೀರಿ. ಯಾವ ಮನೆ ಸ್ವಾಮಿ? ನೀವು ಕೂತು ಆ ಕಾಗದ ಬರೆದ ಮನೆ ನನ್ನ ಮಗನದು. ನೀವೂ ಅಲಮೇಲಮ್ಮನವರೂ ಅಲ್ಲಿ ಇರುವುದಕ್ಕೆ ನನ್ನ ಅಡ್ಡಿ ಇಲ್ಲ, ಎಂದೂ ಇರಲಿಲ್ಲ. ಆದರೆ ಆ ಮನೆಗೆ ನಾನು ಬರಬೇಕಾದರೆ ಮೊದಲು ಫೋನ್ ಮಾಡಿ ಕೇಳಬೇಕು, ನನ್ನ ಮೊಮ್ಮಗಳನ್ನು ಹೊರಗೆ ಕರೆದುಕೊಂಡು ಹೋಗಲು ನಿಮ್ಮ ಮುಖ ನೋಡಬೇಕು. ಇಷ್ಟು ವರ್ಷ ನೋಡಿದೆ.

ಏನಾಯಿತು ಅಂತ ನೀವು ಒಂದು ಸಲವೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಫ್ರೆಂಚ್‌ಟೌನಿನಿಂದ ಸ್ವಲ್ಪ ಮೇಲೆ, ನೀರಿನ ಸೆಳೆತ ಒಂದು ಬಂಡೆಗೆ ಬಡಿದು ಪಕ್ಕಕ್ಕೆ ತಿರುಗುವ ಜಾಗ ಇದೆ. ಬಂಡೆಯ ಹಿಂದೆ ನೀರು ನಿಧಾನ. ವಾಲ್‌ಐ ಅನ್ನುವ ಮೀನು ಮೊಟ್ಟೆ ಇಡಲು ಈ ತಿಂಗಳಲ್ಲಿ ಹೊಳೆ ಹತ್ತಿ ಬರುತ್ತದೆ, ಬಂದು ಅಂಥ ಜಾಗದಲ್ಲಿ ತಂಗುತ್ತದೆ. ಅದರ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಬೆಳಕು ಬಿದ್ದರೆ ಹೊಳೆಯುತ್ತದೆ. ಹೊತ್ತು ಇಳಿಯುವಾಗಲೇ ಅದು ಮೇಯುವುದು. ಬೇರೆ ಮೀನಿನ ಹಾಗೆ ಜಗ್ಗುವುದಿಲ್ಲ. ದಾರ ಸುಮ್ಮನೆ ಭಾರ ಆಗುತ್ತದೆ, ಒದ್ದೆ ಬಟ್ಟೆಗೆ ಸಿಕ್ಕಿಕೊಂಡ ಹಾಗೆ. ಅದನ್ನು ಬೆರಳಲ್ಲಿ ಗುರುತು ಹಿಡಿಯುವುದು ನನಗೆ ಈಗಲೂ ಸರಿಯಾಗಿ ಬರುವುದಿಲ್ಲ. ಸಾನ್ವಿಗೆ ಬರುತ್ತದೆ.

ಶನಿವಾರ ಅವಳ ಗಾಳಕ್ಕೆ ಬಿತ್ತು. ದೊಡ್ಡದು. ದಡಕ್ಕೆ ತಂದಳು, ಕೈಬಲೆ ಹಾಕಲು ಒಂದು ಹೆಜ್ಜೆ ಕೆಳಗಿಳಿದಳು. "ತಾತ, ಐ ಗಾಟ್ ಹಿಮ್" ಅಂದಳು. ಕಾಲು ಜಾರಿತು. ನೀರು ಕುತ್ತಿಗೆಯವರೆಗೂ ಬಂತು, ಸೆಳೆತ ಅವಳನ್ನು ಬಂಡೆಯಿಂದ ಆಚೆಗೆ ತಿರುಗಿಸಿತು. ನಾನು ಬಂಡೆಯ ಮೇಲೆ ಬೋರಲು ಬಿದ್ದು ಅವಳ ಚಳಿಕೋಟಿನ ಟೋಪಿ ಹಿಡಿದೆ. ಬಿಡಲಿಲ್ಲ. ಇಷ್ಟೇ ಆದದ್ದು.

ಕಾರಿನಲ್ಲಿ ನಡುಗುತ್ತ ಅವಳು ಕೇಳಿದ ಮೊದಲ ಮಾತು ಮೀನು ಹೋಯಿತಾ ಅಂತ.

ನೀವು ಏತಕ್ಕೆ ಒಂದು ಮೀನಿಗೆ ಅಂತ ಕೇಳಿದಿರಿ. ಆ ಹುಡುಗಿ ನಿಮ್ಮ ಮನೆಯಲ್ಲಿ ತಲೆ ಎತ್ತಿ ನಕ್ಕದ್ದನ್ನು ನೀವು ಕೊನೆಗೆ ಯಾವಾಗ ನೋಡಿದಿರಿ? ಎಸ್‌ಎಟಿ ಕ್ಲಾಸು, ಭರತನಾಟ್ಯ, ಮ್ಯಾಥ್ ಕ್ಲಬ್ಬು. ಹೊಳೆಯ ಹತ್ತಿರ ನಗುತ್ತಾಳೆ. ಅದಕ್ಕೆ.

ನೀರು ಬೆಚ್ಚಗಾಗಿ ಆ ಮೀನು ಇಳಿದುಹೋಗುವ ಮುಂಚೆ ಮತ್ತೆ ಕರೆದುಕೊಂಡು ಹೋಗುತ್ತೇನೆ. ಇದೂ ಕೋರಿಕೆಯಲ್ಲ.

ಚೆಲುವರಾಜು


ವೆಸ್ಟ್ ವಿಂಡ್ಸರ್
ಮಾರ್ಚ್ 25, 2025

ಶ್ರೀ ಚೆಲುವರಾಜು ಅವರಿಗೆ,

ನಿಮ್ಮ ಪತ್ರ ತಲುಪಿತು. ಅದರಲ್ಲಿ ಹೊಳೆ ಇದೆ, ಮೀನಿದೆ, ಮೀನಿನ ಕಣ್ಣಿದೆ. ತಪ್ಪಾಯಿತು ಎಂಬ ಒಂದು ಮಾತು ಎಲ್ಲಿಯೂ ಇಲ್ಲ.

ನಾನು ಯಾರ ಮನೆಯಲ್ಲಿ ಕೂತು ಬರೆಯುತ್ತೇನೆಂದು ನೆನಪಿಸಿದ್ದೀರಿ. ಯೂನಿವರ್ಸಿಟಿಯಲ್ಲಿ ಪಾಠ ಹೇಳಿ ಜೀವನ ಮಾಡಿದವನು ನಾನು, ಯಾರ ಅನ್ನಕ್ಕೂ ಕಾದು ಕೂತವನಲ್ಲ. ಮೊಮ್ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಹಿರಿಯರು ಬೇಕೆಂದು ಶರ್ವಾಣಿ ಕರೆದಳು, ಬಂದೆವು. ನೋಡಿಕೊಳ್ಳುತ್ತಿದ್ದೇವೆ. ಅವಳು ನಮ್ಮ ಕೈಯಲ್ಲಿ ಒಂದು ದಿನವೂ ನೀರಿಗೆ ಬಿದ್ದಿಲ್ಲ.

ಈ ಭಾನುವಾರ ಯುಗಾದಿ. ಪ್ರತಿ ವರ್ಷ ಬರುವ ಹಾಗೆ ಈ ಸಲ ನೀವು ಬರುವುದು ಬೇಡ. ಮಂಜೇಶನಿಗೂ ಹೇಳಿದ್ದೇನೆ. ಅವನು ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಪ್ಲೇಟು ತೊಳೆದಿಟ್ಟು ಮೇಲೆ ಹೋದ.

ಗ್ಯಾರೇಜಿನಲ್ಲಿದ್ದ ಗಾಳದ ಕೋಲನ್ನು ನಾನೇ ಕಸದ ಡಬ್ಬಿಯ ಜೊತೆ ರಸ್ತೆಯ ಅಂಚಿಗೆ ಇಟ್ಟೆ. ಲಾರಿ ಒಯ್ದಿತು. ಅಲ್ಲಿಗೆ ಈ ವಿಷಯ ಮುಗಿಯಿತು.

ಪ್ರಭಾಕರ


ಎಡಿಸನ್
ಏಪ್ರಿಲ್ 1, 2025

ಪ್ರಭಾಕರ ಅವರೇ,

ಅದು ಶಿವಲಿಂಗುವಿನ ಕೋಲು.

ನನ್ನ ಹೆಂಡತಿಯದು. ನೀವು ರಸ್ತೆಗೆ ಹಾಕಿದ್ದು ಅದನ್ನು. ಅವಳು ಹೋದ ಮೇಲೆ ಅವಳ ಸೀರೆ ಎಲ್ಲ ಕೊಟ್ಟುಬಿಟ್ಟೆ. ಅದೊಂದನ್ನು ಯಾರಿಗೂ ಕೊಡಲಿಲ್ಲ, ಸಾನ್ವಿಗೆ ಬಿಟ್ಟು.

ಈ ಊರಿಗೆ ಬಂದ ಹೊಸದರಲ್ಲಿ ಶಿವಲಿಂಗು ಅಪಾರ್ಟ್‌ಮೆಂಟಿನ ಗೋಡೆ ನೋಡಿಕೊಂಡು ಅಳುತ್ತ ಕೂರುತ್ತಿದ್ದಳು. ತಿರುಮಕೂಡಲಿನ ಹತ್ತಿರ ಕಾವೇರಿಯಲ್ಲಿ ಈಜಿ ಬೆಳೆದವಳು. ಒಂದು ಭಾನುವಾರ ಡ್ರೈವ್ ಮಾಡಿಕೊಂಡು ಹೋಗಿ ಡೆಲವೇರ್ ತೋರಿಸಿದೆ. ಸೀರೆ ಎತ್ತಿಕಟ್ಟಿ ನೀರಿಗೆ ಕಾಲಿಟ್ಟಳು, ಚಳಿಗೆ ಕಿರುಚಿದಳು, ಆಮೇಲೆ ನಕ್ಕಳು. ಅಲ್ಲಿ ಮೀನು ಹಿಡಿಯುತ್ತಿದ್ದವರನ್ನು ಬರದ ಇಂಗ್ಲಿಷಿನಲ್ಲಿ ಮಾತಾಡಿಸಿ ಎಲ್ಲ ಕೇಳಿಕೊಂಡಳು. ಗಾಳ ಹಾಕುವುದನ್ನು ನನಗೆ ಕಲಿಸಿದ್ದೇ ಅವಳು. ಸಾನ್ವಿಗೂ ಅವಳೇ. ದಾರವನ್ನು ಬೆರಳ ತುದಿಯಲ್ಲಿ ಇಟ್ಟುಕೋ, ಮಗೂ, ಕಣ್ಣು ಮುಚ್ಚಿಕೋ, ಮೀನು ತಾನೇ ಹೇಳುತ್ತದೆ ಅಂತ. ಆ ಕೋಲಿನ ಹಿಡಿಗೆ ಸುತ್ತಿದ್ದ ಬಟ್ಟೆ ಅವಳ ಹಳೇ ರವಿಕೆಯದು. ನಿಮಗೆ ಕಸದ ಹಾಗೆ ಕಂಡಿರಬೇಕು.

ಇಷ್ಟು ವರ್ಷ ಬಾಯಿ ಬಿಡದ ಒಂದು ಮಾತು ಇವತ್ತು ಬರೆಯುತ್ತೇನೆ.

ಸಾನ್ವಿಯ ನಾಮಕರಣ ಇಲ್ಲೇ, ಈ ಮನೆಯಲ್ಲಿ ಆಯಿತು. ಮದುವೆಗೆ ನೀವು ಬಂದಿರಲಿಲ್ಲ, ಮಗು ಹುಟ್ಟಿದ ಮೇಲೆ ಮನಸ್ಸು ಕರಗಿ ಬರುತ್ತೀರಿ ಅಂತ ಗೊತ್ತಾಯಿತು. ಶಿವಲಿಂಗು ಅಂಗಡಿಗೆ ಹೋಗಿ ಹೊಸ ಪಾತ್ರೆ ತಂದಳು. ತಪ್ಪಲೆ, ಸೌಟು, ಬಾಣಲೆ ಎಲ್ಲ. ಈರುಳ್ಳಿ ಬೆಳ್ಳುಳ್ಳಿ ಮನೆಯಿಂದ ಹೊರಗೆ ಹಾಕಿದಳು. ತಲೆಗೆ ಸ್ನಾನ ಮಾಡಿ, ಯಾರನ್ನೂ ಅಡುಗೆಮನೆಗೆ ಬಿಡದೆ ಒಬ್ಬಳೇ ಬೇಯಿಸಿದಳು. ನಿಮ್ಮ ಕಡೆಯ ಪುಳಿಯೋಗರೆ ಹೇಗೆ ಮಾಡುತ್ತಾರೆ ಅಂತ ಫೋನಿನಲ್ಲಿ ಯಾರ್ಯಾರನ್ನೋ ಕೇಳಿದ್ದಳು. ನೀವು ಬಂದಿರಿ, ತೊಟ್ಟಿಲಲ್ಲಿ ಉಡುಗೊರೆ ಇಟ್ಟಿರಿ. ಊಟಕ್ಕೆ ಏಳಿ ಅಂದರೆ ಇವತ್ತು ನಮಗೆ ಉಪವಾಸ ಅಂದಿರಿ. ಇಬ್ಬರಿಗೂ. ನೀರೂ ಬೇಡ ಅಂದಿರಿ.

ಅವಳು ಆಯ್ತು ಬಿಡಿ, ದೇವರ ವಿಷಯ ಅಂದಳು. ಸಂಜೆ ಕ್ಯಾಲೆಂಡರ್ ತೆಗೆದು ನೋಡಿದಳು. ಅವಳಿಗೂ ತಿಥಿ ವಾರ ಗೊತ್ತಿತ್ತು ಪ್ರಭಾಕರ ಅವರೇ. ಆ ದಿನ ಏನೂ ಇರಲಿಲ್ಲ.

ಮೀನು ತಿನ್ನುವವರು ಅಂತ ನಮ್ಮನ್ನು ಜರಿಯಿರಿ, ಮುಖದ ಮೇಲೆ ಹೇಳಿ. ನಾನೂ ಮುಖದ ಮೇಲೆ ಉತ್ತರ ಕೊಡುತ್ತೇನೆ. ಆದರೆ ಮೊಮ್ಮಗಳನ್ನು ಮುಂದಿಟ್ಟುಕೊಂಡು, ಚಳಿಯನ್ನು, ಬಂಡೆಯನ್ನು ಮುಂದಿಟ್ಟುಕೊಂಡು ಅದನ್ನೇ ಹೇಳಬೇಡಿ.

ನಿಮಗೆ ಇನ್ನು ಬರೆಯುವುದಿಲ್ಲ.

ಚೆಲುವರಾಜು


ವೆಸ್ಟ್ ವಿಂಡ್ಸರ್
ಏಪ್ರಿಲ್ 6, 2025

ವಿಂಡ್ಸರ್ ತಾತ ಮತ್ತು ಎಡಿಸನ್ ತಾತ, ಇಬ್ಬರಿಗೂ,

ಒಂದೇ ಲೆಟರ್ ಬರೆದು ಪ್ರಿಂಟರಿನಲ್ಲಿ ಕಾಪಿ ಮಾಡಿದ್ದೇನೆ. ಶನಿವಾರದ ಕನ್ನಡ ಕ್ಲಾಸಿನಲ್ಲಿ ಇಷ್ಟೇ ಕಲಿತದ್ದು. ಸ್ಪೆಲಿಂಗ್ ಕರೆಕ್ಟ್ ಮಾಡಬೇಡಿ. ವಿಂಡ್ಸರ್ ತಾತ, ಇದು ನಿಮಗೇ ಹೇಳುತ್ತಿರುವುದು.

ನೀವು ಬರೆದದ್ದೆಲ್ಲ ಓದಿದೆ. ಎಡಿಸನ್ ತಾತನ ಲೆಟರ್, ವಿಂಡ್ಸರ್ ತಾತ ಇಟ್ಟುಕೊಂಡ ಕಾಪಿ, ಎಲ್ಲ ಮೇಜಿನ ಮೇಲೇ ಇತ್ತು. ಎಡಿಸನ್ ತಾತ ಬರೆದದ್ದನ್ನು ಓದಲು ತುಂಬಾ ಹೊತ್ತು ಹಿಡಿಯಿತು, ಆದರೆ ಓದಿದೆ. ಇಬ್ಬರೂ ನನ್ನ ಬಗ್ಗೆ ಬರೆಯುತ್ತೀರಿ. ನೀರಿಗೆ ಬಿದ್ದದ್ದು ನಾನು. ಯಾರೂ ನನ್ನನ್ನು ಕೇಳಲಿಲ್ಲ. ಐ ಆಮ್ ಸೋ ಮ್ಯಾಡ್ ಅನ್ನುವುದಕ್ಕೆ ಕನ್ನಡದಲ್ಲಿ ಕೋಪ ಬಂದಿದೆ ಅಂತ ಟೀಚರ್ ಹೇಳಿದರು. ಅದು ಸಾಲುವುದಿಲ್ಲ.

ಎಡಿಸನ್ ತಾತ ನನಗೆ ಲೈಫ್ ಜಾಕೆಟ್ ಹಾಕಿಸಿದ್ದರು. ಕೈ ಎತ್ತಿ ಬೀಸಲು ಆಗುವುದಿಲ್ಲ ಅಂತ ನಾನು ಬಿಚ್ಚಿದೆ. ಅವರು ನೋಡಿದರು, ಏನೂ ಅನ್ನಲಿಲ್ಲ, ಯಾಕೆಂದರೆ ನಾನು ಮುಖ ಊದಿಸುತ್ತೇನೆ. ಅದು ಅವರ ತಪ್ಪು. ನನ್ನದೂ.

ಇನ್ನೊಂದು. ನನ್ನನ್ನು ಎಳೆಯುವಾಗ ಅವರ ಭುಜದಿಂದ ಒಂದು ಸದ್ದು ಬಂತು. ನನಗೆ ಕೇಳಿಸಿತು. ಒಂದೇ ಕೈಯಲ್ಲಿ ಡ್ರೈವ್ ಮಾಡಿ ಆಸ್ಪತ್ರೆಗೆ ಬಂದರು. ನನಗೆ ಹೀಟರ್ ಹಾಕಿ ತಾವು ಒದ್ದೆ ಶರ್ಟಿನಲ್ಲಿ ಇದ್ದರು. ನೀವೆಲ್ಲ ಬಂದಾಗ ಅವರು ಬಾಗಿಲ ಹತ್ತಿರ ನಿಂತಿದ್ದರು. ಯಾರೂ ಅವರ ಕಡೆ ನೋಡಲಿಲ್ಲ. ಅಪ್ಪ ಕೂಡ. ಈಗ ಅವರಿಗೆ ಸರ್ಜರಿ ಆಗಬೇಕಂತೆ. ಎಡಿಸನ್ ತಾತ, ನೀವು ಅದನ್ನು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ? ಅದೂ ನನಗೆ ಕೋಪ.

ವಿಂಡ್ಸರ್ ತಾತ, ಅಜ್ಜಿಯ ರಾಡ್ ಹುಡುಕಿಕೊಂಡು ನಾನು ರಸ್ತೆಯ ಕೊನೆಯವರೆಗೂ ಓಡಿದೆ. ಸ್ಕೂಲಿಂದ ಬರುವಷ್ಟರಲ್ಲಿ ಅದು ಹೋಗಿತ್ತು. ನೀವು ಕಾಫಿ ಕುಡಿಯುತ್ತಿದ್ದಿರಿ. ಅಜ್ಜಿ ಸತ್ತಾಗ ಅತ್ತದ್ದಕ್ಕಿಂತ ಜಾಸ್ತಿ ಅತ್ತೆ. ನಿಮಗೆ ಗೊತ್ತೇ ಆಗಲಿಲ್ಲ.

ಪುಳಿಯೋಗರೆ ವಿಷಯ ನನಗೆ ಗೊತ್ತಿರಲಿಲ್ಲ. ಅದು ನನ್ನ ನಾಮಕರಣ. ನನ್ನ ಹೆಸರಿನ ದಿನ ನೀವು ಅಜ್ಜಿಗೆ ಹಾಗೆ ಮಾಡಿದಿರಿ. ಆ ಹೆಸರು ಯಾರಾದರೂ ಕರೆದರೆ ಈಗ ಅದೇ ನೆನಪಾಗುತ್ತದೆ.

ಮುಂದಿನ ಶನಿವಾರ ನಾನು ಹೊಳೆಗೆ ಹೋಗುತ್ತೇನೆ. ಜಾಕೆಟ್ ಹಾಕುತ್ತೇನೆ. ಫ್ರೆಂಡ್ ತಾರಿಣಿಯ ರಾಡ್ ಕೇಳಿದ್ದೇನೆ. ಅಮ್ಮನಿಗೆ ಹೇಳಿದೆ, ಅಮ್ಮ ಅತ್ತಳು, ಆಮೇಲೆ ಸರಿ ಅಂದಳು. ನನಗೆ ಡ್ರೈವ್ ಮಾಡಲು ಬರುವುದಿಲ್ಲ. ಯಾರಾದರೂ ಒಬ್ಬರು ಕರೆದುಕೊಂಡು ಹೋಗಿ. ಇಬ್ಬರೂ ಬಂದು ನನ್ನ ಮುಂದೆ ಜಗಳ ಆಡಿದರೂ ಓಕೆ.

ಸಾನ್ವಿ


ವೆಸ್ಟ್ ವಿಂಡ್ಸರ್
ಏಪ್ರಿಲ್ 14, 2025

ಚೆಲುವರಾಜು ಅವರಿಗೆ,

ನೀವು ಬರೆಯುವುದಿಲ್ಲವೆಂದಿರಿ. ಬರೆಯಬೇಡಿ. ಇದನ್ನು ಓದಿ.

ಶನಿವಾರ ನೀವು ಬರುತ್ತೀರೆಂದು ಮಧ್ಯಾಹ್ನದವರೆಗೂ ಕಾದೆವು. ಬರಲಿಲ್ಲ. ಸಾನ್ವಿ ಜಾಕೆಟ್ ತೊಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. ಮಂಜೇಶ ಕಾರಿನ ಕೀಲಿ ತೆಗೆದುಕೊಂಡ. ಅದೇಕೋ ನಾನೇ ಕೈ ಚಾಚಿ ಕೇಳಿದೆ.

ದಾರಿಯುದ್ದಕ್ಕೂ ಅವಳು ನನ್ನ ಜೊತೆ ಮಾತಾಡಲಿಲ್ಲ. ರೈಟ್, ಲೆಫ್ಟ್, ಇಷ್ಟೇ. ನಿಮ್ಮ ಆ ಬಂಡೆಗೆ ನಾನು ಅವಳನ್ನು ಹತ್ತಗೊಡಲಿಲ್ಲ. ಕೆಳಗೆ ಮರಳು ಇದ್ದ ಕಡೆ ನಿಲ್ಲಿಸಿದೆ. ಮೀನು ಅಲ್ಲಿಗೆ ಬರುವುದಿಲ್ಲ ಎಂದು ರೇಗಿದಳು. ಬರದಿದ್ದರೆ ಬೇಡ ಎಂದು ನಾನೂ ರೇಗಿದೆ. ಪಕ್ಕದಲ್ಲಿದ್ದ ಒಬ್ಬ ಅಮೆರಿಕನ್ ಮುದುಕ ನಮ್ಮಿಬ್ಬರನ್ನೂ ನೋಡಿ ತನ್ನ ಬಕೆಟ್ಟು ಎತ್ತಿಕೊಂಡು ದೂರ ಹೋದ.

ಬಿಸಿಲು ಇಳಿಯಿತು. ಕಣ್ಣು ಮುಚ್ಚಿ ನಿಂತಿದ್ದವಳು ಇದ್ದಕ್ಕಿದ್ದ ಹಾಗೆ ಬಾಗಿದಳು. "ತಾತ, ಬಲೆ!" ಎಂದು ಕೂಗಿದಳು. ನನಗೆ ಬಲೆ ಹಿಡಿಯಲು ಬರುವುದಿಲ್ಲ. ತಿರುಗಾಮುರುಗಾ ಹಿಡಿದೆನಂತೆ. ಬೂಟಿನೊಳಗೆ ನೀರು ನುಗ್ಗಿತು. ಆ ನೀರು ಎಷ್ಟು ತಣ್ಣಗಿರುತ್ತದೆಂದು ಪಾದಕ್ಕೆ ತಿಳಿಯಿತು. ಅದರಲ್ಲಿ ಅವಳು ಕುತ್ತಿಗೆಯವರೆಗೆ ಇದ್ದದ್ದನ್ನು ನೆನೆದು ನಿಮ್ಮ ಮೇಲೆ ಇನ್ನಷ್ಟು ಸಿಟ್ಟು ಬಂತು. ಅದನ್ನು ಬರೆಯದೆ ಬಿಡುವುದಿಲ್ಲ.

ಮೀನನ್ನು ಅವಳೇ ಕೊಂದಳು. ನಾನು ಆಚೆ ತಿರುಗಿ ನಿಂತೆ. ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಇದು ಎಡಿಸನ್ ತಾತನಿಗೆ, ನೀವೇ ಕೊಡಬೇಕು ಎಂದಳು. ನಾನು ಓಡಿಸುವ ಕಾರಿನಲ್ಲಿ, ನನ್ನ ಜನ್ಮದಲ್ಲಿ ಮೊದಲ ಸಲ, ಅಂಥದ್ದನ್ನು ಇಟ್ಟುಕೊಂಡು ನಿಮ್ಮ ಮನೆಗೆ ಬಂದೆ. ಅವಳು ಕಾರಿನಲ್ಲೇ ಕೂತಳು. ನಾನು ಪೆಟ್ಟಿಗೆ ಹೊತ್ತು ಬಂದು ಬೆಲ್ ಒತ್ತಿದೆ. ಮತ್ತೆ ಒತ್ತಿದೆ. ಒಳಗೆ ದೀಪ ಇತ್ತು. ಕಿಟಕಿಯ ಪರದೆ ಅಲುಗಿತು.

ನೀವು ಬಾಗಿಲು ತೆಗೆಯಲಿಲ್ಲ. ಪೆಟ್ಟಿಗೆಯನ್ನು ಬಾಗಿಲ ಮುಂದೆಯೇ ಇಟ್ಟು ಬಂದೆ.

ನಿಮ್ಮ ಹಿಂದಿನ ಪತ್ರದ ಕೊನೆಯ ಭಾಗಕ್ಕೆ ಉತ್ತರ ಬರೆಯಲು ಹಲವು ಸಲ ಕೂತೆ. ಅಲಮೇಲು ಅದನ್ನು ಓದಿ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಬರೆಯಲು ಬಂದದ್ದು ಇಷ್ಟೇ.

ಪ್ರಭಾಕರ


ಎಡಿಸನ್
ಏಪ್ರಿಲ್ 19, 2025

ಪ್ರಭಾಕರ ಅವರೇ,

ಮನೆಯಲ್ಲೇ ಇದ್ದೆ. ಪರದೆ ಸರಿಸಿ ನೋಡಿದ್ದೂ ನಾನೇ. ನಿಮ್ಮ ಒಂದು ಪ್ಯಾಂಟಿನ ಕಾಲು ಮೊಣಕಾಲಿನವರೆಗೆ ಒದ್ದೆ ಆಗಿತ್ತು. ಬಾಗಿಲ ಹಿಡಿಗೆ ಕೈ ಹಾಕಿದೆ, ತೆಗೆಯಲು ಆಗಲಿಲ್ಲ. ತೆಗೆದಿದ್ದರೆ ಏನು ಅನ್ನುತ್ತಿದ್ದೆನೋ ನನಗೇ ಗೊತ್ತಿಲ್ಲ. ಮಗು ಕಾರಿನಲ್ಲಿ ಕೂತಿತ್ತು.

ಮೀನನ್ನು ಎಡಗೈಯಲ್ಲಿ ಒರಟೊರಟಾಗಿ ಕೊಯ್ದು ಸಾರು ಮಾಡಿದೆ. ಒಬ್ಬನೇ ತಿಂದೆ. ಸಾನ್ವಿಗೆ ಫೋನ್ ಮಾಡಿ ಚೆನ್ನಾಗಿತ್ತು ಅಂದೆ. ಅವಳಿಗೆ ಹಾಗಂದೆ.

ನಾನು ಜಾಕೆಟ್ ಬಿಚ್ಚಲು ಬಿಡಬಾರದಿತ್ತು. ಇದು ಅವಳಿಗೆ ಹೇಳಿಯಾಗಿದೆ. ನಿಮಗೆ ಹೇಳಬೇಕಾಗಿ ಬಂದದ್ದು ನನಗೆ ಕಷ್ಟ, ಆದರೂ ಬರೆದಿದ್ದೇನೆ. ಭುಜದ ಸರ್ಜರಿ ಮೇ ತಿಂಗಳಲ್ಲಿ. ಮಂಜೇಶ ರಜ ಹಾಕಿ ಬರುತ್ತಾನಂತೆ. ಮೊನ್ನೆ ಅವನು ಇಲ್ಲಿಗೆ ಬಂದು ಸೋಫಾದ ಮೇಲೆ ಕೂತ. ಆಮೇಲೆ, ಅಪ್ಪಾ, ಯುಗಾದಿ ದಿನ ನಾನು ಬಾಯಿ ಬಿಡಬೇಕಿತ್ತು ಅಂದ. ಬಿಡಬೇಕಿತ್ತು ಕಣಯ್ಯ ಅಂದೆ ನಾನು. ಸಮಾಧಾನ ಹೇಳಲಿಲ್ಲ.

ನಿಮ್ಮ ಮೇಲಿನ ಸಿಟ್ಟು ಹಾಗೇ ಇದೆ. ಕೋಲು ಹೋಯಿತು, ಅದನ್ನು ನೀವು ತರಲಾರಿರಿ. ಶಿವಲಿಂಗುವೂ ಇಲ್ಲ, ನೀವು ಏನೇ ಅಂದರೂ ಕೇಳಿಸಿಕೊಳ್ಳಲು. ಅದಕ್ಕೇ ಉತ್ತರ ಬರೆಯಲು ನಿಮಗೆ ಬರಲಿಲ್ಲ ಅಂತ ಕಾಣುತ್ತದೆ. ಬರೆಯುವುದೂ ಬೇಡ.

ಮುಂದಿನ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಇರುತ್ತೇನೆ. ಸೊಪ್ಪಿನ ಸಾರು, ಮುದ್ದೆ. ಮೀನು ಬೇಯಿಸಿದ ತಪ್ಪಲೆಯನ್ನೇ ತೊಳೆದು ಮಾಡುತ್ತೇನೆ. ನಿಮಗೋಸ್ಕರ ಹೊಸ ಪಾತ್ರೆ ತರುವುದಿಲ್ಲ. ಬರುವುದಾದರೆ ಹಸಿದುಕೊಂಡು ಬನ್ನಿ. ಇಲ್ಲದಿದ್ದರೆ ಬೆಲ್ ಒತ್ತಬೇಡಿ.

ಚೆಲುವರಾಜು


ವೆಸ್ಟ್ ವಿಂಡ್ಸರ್
ಏಪ್ರಿಲ್ 28, 2025

ಬೀಗರೇ,

ನಿನ್ನೆ ಊಟಕ್ಕೆ ಕೂತಲ್ಲಿಂದ ಏಳುವವರೆಗೂ ನೀವು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಸಾನ್ವಿ ಒಬ್ಬಳೇ ಮಾತಾಡಿದಳು. ಅಲಮೇಲು ಕಾರಿನವರೆಗೂ ಬಂದವಳು ಮತ್ತೆ ಒಳಗೆ ಹೋಗಿಬಿಟ್ಟಳು. ಅವಳನ್ನು ನಾನು ಬಲವಂತ ಮಾಡಲಿಲ್ಲ, ಅವಳ ಲೆಕ್ಕ ಅವಳೇ ತೀರಿಸಿಕೊಳ್ಳಬೇಕು.

ಮುದ್ದೆ ನುಂಗಲು ನನಗೆ ಬರಲಿಲ್ಲ, ಅಗಿದೆ. ನೀವು ನೋಡಿ ಮುಖ ತಿರುಗಿಸಿದಿರಿ. ನಗು ತಡೆದದ್ದೋ, ತಿರಸ್ಕಾರವೋ ಗೊತ್ತಾಗಲಿಲ್ಲ. ಎರಡನೆಯ ಸಲ ಕೇಳದೆ ಬಡಿಸಿದಿರಿ. ಬೇಡ ಎನ್ನಲು ಬಾಯಿ ತೆರೆದೆ. ಆ ಮನೆಯಲ್ಲಿ ಆ ಮಾತು ಹೇಳುವ ಹಕ್ಕು ನನಗಿಲ್ಲವೆನಿಸಿತು. ತಿಂದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅದನ್ನೂ ತಿಂದೆ. ಒಂದೇ ಕೈಯಲ್ಲಿ ನೀವು ತಪ್ಪಲೆ ಎತ್ತಲು ಹೆಣಗುತ್ತಿದ್ದಾಗ ನಾನು ಎದ್ದು ಹಿಡಿಯಹೋದೆ. ಕೂತ್ಕೊಳ್ಳಿ ಎಂದಿರಿ. ನೀವು ನನಗೆ ಆಡಿದ ಮಾತು ಅದೊಂದೇ ಎಂದು ಈಗ ಬರೆಯುವಾಗ ನೆನಪಾಗುತ್ತಿದೆ.

ನನಗೂ ಸಿಟ್ಟು ಇಳಿದಿಲ್ಲ. ಹುಡುಗಿಯ ಹಲ್ಲು ಕಟಕಟಿಸಿದ್ದು ಕಿವಿಯಿಂದ ಹೋಗುವುದಿಲ್ಲ. ಆದರೆ ಈಗ ಆ ಸಿಟ್ಟು ನಿಮ್ಮ ಕಡೆಗೆ ಹೊರಟು ದಾರಿ ತಪ್ಪುತ್ತದೆ.

ಊಟ ಆದ ಮೇಲೆ ಕೈ ತೊಳೆಯಲು ಹೋದೆನಲ್ಲ. ನಾನು ಅಲ್ಲೇ ನಿಂತದ್ದನ್ನು ಕಂಡು ಟವೆಲ್ ಬೇಕೇನೋ ಎಂದು ಸಾನ್ವಿ ತಂದು ಕೊಟ್ಟಳು. ಟವೆಲ್ ಬೇಕಿರಲಿಲ್ಲ. ಗೋಡೆಯ ಮೇಲೆ ಶಿವಲಿಂಗಮ್ಮನವರ ಫೋಟೋ ಇತ್ತು. ಹೊಳೆಯ ದಡದಲ್ಲಿ, ತಲೆಗೆ ಉಲ್ಲನ್ ಟೋಪಿ ಹಾಕಿಕೊಂಡು, ಕ್ಯಾಮೆರಾ ಹಿಡಿದವರನ್ನು ಏನೋ ಗದರಿಸುತ್ತ ನಗುತ್ತಿದ್ದಾರೆ. ಎಡಗೆನ್ನೆಯಲ್ಲಿ ಒಂದು ಗುಳಿ. ಸಾನ್ವಿಗೂ ಇದೆ. ಅದು ಎಲ್ಲಿಂದ ಬಂತೆಂದು ಅಲಮೇಲುವೂ ನಾನೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು.

ಅವರು ಬದುಕಿದ್ದಾಗ ಇಷ್ಟು ವರ್ಷದಲ್ಲಿ ಒಮ್ಮೆಯೂ ನಾನು ತಲೆ ಎತ್ತಿ ಅವರ ಮುಖ ನೋಡಿರಲಿಲ್ಲ.

ಪ್ರಭಾಕರ